ಬಂಕಾಪುರದ ಕಂದಕದಂಚಿನಲ್ಲಿ

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ, ನೃಪತುಂಗನ ಸೇನಾನಿ ಬಂಕೆಯರಸನ ಹೆಸರನ್ನು ಇಂದಿಗೂ ಹೊತ್ತ ಊರಿನ ಕೋಟೆಯ ಸುತ್ತಲಿನ ತಗ್ಗಿನಲ್ಲಿ, ಶ್ರಾವಣದ ಮಳೆಯು ಸುರಿದು ನಿಂತ ಬಳಿಕ ಒಂದು ಮುಂಜಾವು ನಿಧಾನವಾಗಿ ನಡೆದು ನೋಡಬೇಕು. ಏರಿಲ್ಲ, ಆಯಾಸವಿಲ್ಲ, ಕೆಸರು ಮಾತ್ರ ಪಾದರಕ್ಷೆಯನ್ನು ಸಾಲ ಕೊಟ್ಟವನಂತೆ ಹಿಡಿದು ನಿಲ್ಲಿಸುವುದು. ಶತ್ರುವನ್ನು ತಡೆಯಲೆಂದು ಪೂರ್ವಿಕರು ತೋಡಿದ ಕಂದಕದಲ್ಲಿ ಈಗ ಜೊಂಡು ಬೆಳೆದು, ಕಪ್ಪೆಗಳು ವಟಗುಟ್ಟುತ್ತಿರಲು, ಮುಳ್ಳುಪೊದೆಗಳ ನಡುವಿನಿಂದ ಕೇಕಾರವವು ಕೇಳಿಬರುವುದು. 2006ರಲ್ಲಿ ಸರಕಾರವು ಈ ನೆಲವನ್ನು ಮಯೂರಗಳ ಧಾಮವೆಂದು ಸಾರಿತು. ಕೋಟೆಯೊಳಗಿನ ನಗರೇಶ್ವರನ ಆಲಯವನ್ನು ಜನರು ಅರವತ್ತು ಕಂಬದ ಗುಡಿಯೆಂದೇ ಕರೆಯುವರು. ಎಣಿಸುವ ಗೊಡವೆಗೆ ನಾನು ಹೋಗಲಿಲ್ಲ, ಆ ಶಿಲೆಯ ತಂಪಿಗೆ ಬೆನ್ನು ಕೊಟ್ಟು ಸುಮ್ಮನೆ ಕುಳಿತೆನು. ಮರಳುವಾಗ ನೋಡಿದರೆ, ನನ್ನ ಹೆಜ್ಜೆಗುರುತುಗಳಲ್ಲಿ ಆಗಲೇ ನೀರು ತುಂಬಿ ನಿಂತಿದ್ದಿತು.