ಇಳಿಯುವುದು ಸುಲಭ, ಹತ್ತುವುದು ಒಟ್ಟಿಗೆ



ಕಳೆದ ತಿಂಗಳು ನಮ್ಮ ಬಳಗದ ಹನ್ನೊಂದು ಮಂದಿ ಗಂಡಿಕೋಟೆಗೆ ಹೋಗಿ ಬಂದೆವು. ಅದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಹಿರಿಯರು ಅಪ್ಪಣೆ ಕೊಟ್ಟಿದ್ದಾರೆ. ನೋಡಿದ್ದನ್ನು ಸ್ವಲ್ಪ, ಕಲಿತದ್ದನ್ನು ಹೆಚ್ಚು ಹೇಳುತ್ತೇವೆ.

ಪೆನ್ನಾ ನದಿ ನಮಗೆ ಹೊಸದಲ್ಲ. ಕರ್ನಾಟಕದ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಉತ್ತರ ಪಿನಾಕಿನಿ ಎಂಬ ಹೆಸರಿನಲ್ಲಿ ನಮ್ಮ ಹಿಂದೂಪುರದ ಕಡೆ ಹಾದುಹೋಗುವ ನದಿ ಅದೇ. ಇಲ್ಲಿ ವರ್ಷದ ಬಹುಕಾಲ ಮರಳೇ ಕಾಣುವುದು. ಆದರೆ ಕಡಪ ಜಿಲ್ಲೆಯ ಜಮ್ಮಲಮಡುಗಿನ ಬಳಿ ಅದೇ ನದಿ ಎರ್ರಮಲ ಬೆಟ್ಟವನ್ನು ಸೀಳಿಕೊಂಡು ಹೋಗಿದೆ. ಎರಡು ಕಡೆಯೂ ಕೆಂಪು ಬಂಡೆಯ ಗೋಡೆ, ಆಳ ಸುಮಾರು 300 ಅಡಿ. ದಂಡೆಯ ಮೇಲೆ ಕೋಟೆ. ಕೋಟೆಯೊಳಗೆ ಮಾಧವರಾಯ, ರಂಗನಾಥ ದೇವಾಲಯಗಳು, ಜಾಮಿಯಾ ಮಸೀದಿ, ದೊಡ್ಡ ಕಣಜ. ಬಂಡೆ ನೂರು ಕೋಟಿ ವರ್ಷಕ್ಕೂ ಹಳೆಯದು. ಅದನ್ನು ಕೊರೆದದ್ದು ಬರೀ ನೀರಲ್ಲ. ನೀರು ಹೊತ್ತು ತಂದ ಮರಳು, ಗುಂಡುಕಲ್ಲುಗಳು ಉಜ್ಜಿ ಉಜ್ಜಿ ಕೊರೆದದ್ದು.

ಬೆಳಿಗ್ಗೆ ಹಾಡು ಹೇಳಿಕೊಂಡು ನದಿಗೆ ಇಳಿದೆವು. ಬೆಟ್ಟ ಹತ್ತುವವನಿಗೆ ಕಷ್ಟ ಮೊದಲು. ಸುಸ್ತಾದರೆ ಅರ್ಧದಲ್ಲೇ ಹಿಂತಿರುಗಬಹುದು. ಕಮರಿಗೆ ಇಳಿಯುವವನಿಗೆ ಹಾಗಲ್ಲ. ಮೊದಲು ಇಳಿಜಾರು, ತಂಪು ಹೊತ್ತು, ತುಂಬಿದ ನೀರಿನ ಬಾಟಲಿ. ಏರು ಬರುವುದು ಕೊನೆಗೆ: ಕಾಲು ಸೋತಾಗ, ಬಿಸಿಲು ನೆತ್ತಿಗೆ ಬಂದಾಗ, ನೀರು ಮುಗಿದಾಗ.

ನಾವು ಹತ್ತಿ ಬಂದು, ಕೋಟೆ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಎಣಿಸಿದರೆ ಹತ್ತೇ ಮಂದಿ! ಮೂವತ್ತು ವರ್ಷ ಕಲ್ಲು ಕ್ವಾರಿಯ ಧೂಳು ಕುಡಿದ ಹಿರಿಯಣ್ಣ ಇಲ್ಲ. ಓಡಿ ಇಳಿದೆವು. ಅರ್ಧ ದಾರಿಯಲ್ಲಿ ಬಂಡೆಗೆ ಒರಗಿ ಕೂತಿದ್ದರು. ಎದೆ ಸಿಳ್ಳೆ ಹಾಕುತ್ತಿತ್ತು.

"ನೀವು ಹೋಗಿ ಊಟ ಮಾಡ್ರಪ್ಪಾ. ನಾನು ನಿಧಾನಕ್ಕೆ ಬರ್ತೀನಿ" ಅಂದರು.

ಹೋಗಲಿಲ್ಲ. ಹತ್ತು ಹೆಜ್ಜೆ ನಡೆದು ನಿಂತೆವು. ಮತ್ತೆ ಹತ್ತು ಹೆಜ್ಜೆ. ನಿಂತಲ್ಲೆಲ್ಲ ಅವರು ಒಂದೊಂದು ಮಾತು ಹೇಳಿದರು. ಮಗಳ ಮದುವೆಗೆ ಮಾಲೀಕರಿಂದ ಮುಂಗಡ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿದ್ದು, ಐದು ವರ್ಷ ದುಡಿದರೂ ಲೆಕ್ಕ ಬೆಳೆಯುತ್ತಲೇ ಇರುವುದು, ಎದೆನೋವಿದ್ದರೂ ಕೆಲಸ ಬಿಡುವಂತಿಲ್ಲದಿರುವುದು. "ಹೆಬ್ಬೆಟ್ಟು ಒತ್ತೋದಕ್ಕೆ ಒಂದು ಗಳಿಗೆ ಸಾಕಾಯ್ತು" ಅಂದರು.

ಸಹೋದರರೇ, ಆ ಮದುವೆಯಲ್ಲಿ ನಾವೆಲ್ಲ ಊಟ ಮಾಡಿದ್ದೆವು. ದುಡ್ಡು ಎಲ್ಲಿಂದ ಬಂತೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಜೀತ ಪದ್ಧತಿಯನ್ನು ರದ್ದುಮಾಡಿದ 1976ರ ಕಾಯ್ದೆ ನಮಗೆ ಬಾಯಿಪಾಠ. ಜೀತಕ್ಕೆ ಕಟ್ಟಿಹಾಕಿದ ಸಾಲವನ್ನು ತೀರಿಸುವ ಹೊಣೆ ಆಳಿಗೆ ಇಲ್ಲವೆಂದು ವೇದಿಕೆಯ ಮೇಲೆ ನಿಂತು ಹೇಳುತ್ತೇವೆ. ಆದರೆ ಪಕ್ಕದ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡುವವರ ಕಷ್ಟ ಕೇಳಲು ನಮಗೆ ಒಂದು ಕಮರಿ ಬೇಕಾಯಿತು. ನಾವು ಮುಂದೆ ನಡೆದುಬಿಟ್ಟಿದ್ದೆವು, ಅಷ್ಟೇ.

ಎಮ್ಮಾಹು ದಾರಿಯನ್ನು ನೆನೆಯಿರಿ. ಎದೆಗುಂದಿ ಊರು ಬಿಟ್ಟು ಹೊರಟ ಆ ಇಬ್ಬರನ್ನು ಪ್ರಭು ಮುಂದೆ ನಿಂತು ಕೂಗಿ ಕರೆಯಲಿಲ್ಲ. ಅವರ ಪಕ್ಕಕ್ಕೆ ಬಂದು, ಅವರ ಹೆಜ್ಜೆಗೆ ಹೆಜ್ಜೆ ಹಾಕಿ, ಮೊದಲು ಅವರ ಮಾತು ಕೇಳಿದನು. ಆ ರಾತ್ರಿಯೇ ಅವರು ಎದ್ದು ಯೆರೂಸಲೇಮಿಗೆ ಹಿಂತಿರುಗಿದರು. ಅದೂ ಏರು ದಾರಿಯೇ.

ಊರಿಗೆ ಬಂದ ಮೇಲೆ ಹಿರಿಯಣ್ಣನ ಜೊತೆ ಲೆಕ್ಕ ಕೇಳಲು ಹೋದೆವು. ಪುಸ್ತಕ ತೋರಿಸಲಿಲ್ಲ. ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇವೆ. ಎದೆಯ ಪರೀಕ್ಷೆಗೆ ಅವರನ್ನು ಕರೆದುಕೊಂಡು ಹೋಗುವುದಿದೆ. ಈ ಏರು ಇನ್ನೂ ಮುಗಿದಿಲ್ಲ. ಮುಗಿಯಿತೆಂದು ನಿಮಗೆ ಸುಳ್ಳು ಹೇಳುವುದಿಲ್ಲ.

ನಮ್ಮ ವಿನಂತಿ ಎರಡೇ. ಮುಂಗಡಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಬಳಗದ ಒಬ್ಬರಿಗಾದರೂ ಹೇಳಿ, ನಾಚಿಕೆ ಬೇಡ. ಮುಂದೆ ನಡೆಯುವ ಬಲ ಇರುವವರು ಬುತ್ತಿ ಬಿಚ್ಚುವ ಮೊದಲು ಒಮ್ಮೆ ಎಣಿಸಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ನಮ್ಮ ಬಳಗದ ಹೆಜ್ಜೆಯಾಗಲಿ.

ಪ್ರಭು ನಮ್ಮ ಜೊತೆ ನಡೆಯಲಿ.