ಗಾದೆಯೂ ಸುಳ್ಳಾಗಬಹುದು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ಮಾಡಿದ ಉಪನ್ಯಾಸ)

ನಾನು ಉಪನ್ಯಾಸಕನಲ್ಲ. ಮೂವತ್ತೈದು ವರ್ಷ ನೀರಾವರಿಯಲ್ಲಿ ಕಾಲುವೆ ಅಳೆದವನು. ಮಗನ ಮನೆಗೆಂದು ಜರ್ಮನಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ‘ಅಲ್ಲಿ ಕಂಡದ್ದನ್ನು ಹೇಳಿ’ ಎಂದು ಬುದ್ಧಿಯವರು ಅಪ್ಪಣೆ ಕೊಟ್ಟರು. ರಸ್ತೆ ಸ್ವಚ್ಛ, ರೈಲು ಚೆಂದ ಎಂಬುದನ್ನೆಲ್ಲ ನೀವು ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ನಾನು ಹೇಳುವುದು ಒಂದು ಮೇಜಿನ ಸುತ್ತ ನಡೆದ ಮಾತು.

ಮಗ ಇರುವುದು ಲೈಪ್‌ಜಿಗ್ ಎಂಬ ಊರಿನಲ್ಲಿ. ಮೊಮ್ಮಗಳು ನನ್ನೊಡನೆ ಕನ್ನಡ ಆಡುತ್ತಾಳೆ, ಸಿಟ್ಟು ಬಂದರೆ ಮಾತ್ರ ಜರ್ಮನ್. ಅವಳ ಸಿಟ್ಟಾದರೂ ತಿಳಿಯಲಿ ಎಂದು ನಿವೃತ್ತಿಯಾದ ಮೇಲೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎರಡು ಹಂತ ಜರ್ಮನ್ ಕಲಿತಿದ್ದೆ. ಅಲ್ಲಿ ‘ಭಾಷಾ ಕೆಫೆ’ ಎಂದು ನಡೆಸುತ್ತಾರೆ. ಹೊರಗಿನಿಂದ ಬಂದವರು ವಾರಕ್ಕೊಂದು ದಿನ ಕೂತು, ಚಹಾ ಕುಡಿಯುತ್ತ, ತಪ್ಪೋ ಒಪ್ಪೋ ಜರ್ಮನ್ ಆಡಬೇಕು. ಫೀಸಿಲ್ಲ, ಪರೀಕ್ಷೆಯೂ ಇಲ್ಲ. ನಮ್ಮ ಮೇಜಿನಲ್ಲಿ ಸಿರಿಯಾದ ದಂಪತಿ, ಉಕ್ರೇನಿನ ಇಬ್ಬರು ಹೆಣ್ಣುಮಕ್ಕಳು, ಟರ್ಕಿಯ ಒಬ್ಬ ದರ್ಜಿ, ವಿಯೆಟ್ನಾಮಿನ ಒಬ್ಬ ಹುಡುಗ, ಮತ್ತು ನಾನು. ನಡೆಸುತ್ತಿದ್ದವರು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ.

ಒಂದು ದಿನ ಆಯಮ್ಮ, ‘ನಿಮ್ಮ ನಿಮ್ಮ ಭಾಷೆಯ ಒಂದೊಂದು ಗಾದೆ ಹೇಳಿ’ ಎಂದರು. ನಾನು ‘ಗೋಡೆಗೂ ಕಿವಿಯುಂಟು’ ಎಂದೆ. ಸಿರಿಯಾದವನು ತಟ್ಟನೆ ತಲೆಯೆತ್ತಿದ. ಅವರಲ್ಲೂ ಅದೇ ಗಾದೆ, ಅದೇ ಗೋಡೆ, ಅದೇ ಕಿವಿ. ಜರ್ಮನ್ನಿನಲ್ಲೂ ಇದೆಯಂತೆ. ನಮ್ಮ ಮನೆಗಳಲ್ಲಿ ಈ ಮಾತು ಯಾವಾಗ ಬರುತ್ತದೆ? ಸೊಸೆಯ ಬಗ್ಗೆ ಅತ್ತೆ ಜೋರಾಗಿ ಮಾತಾಡಿದಾಗ, ಅಣ್ಣತಮ್ಮಂದಿರ ಪಾಲಿನ ಮಾತು ನಡೆದಾಗ. ಆತ ಹೇಳಿದ್ದೇ ಬೇರೆ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಸರ್ಕಾರದ ಸುದ್ದಿ ಬಂದರೆ ಅವನ ತಾಯಿ ಈ ಗಾದೆ ಹೇಳಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳಂತೆ. ಅಲ್ಲಿ ಗೋಡೆಯ ಕಿವಿ ಎಂದರೆ ಗುಪ್ತ ಪೊಲೀಸರ ಕಿವಿ.

ಶಿಕ್ಷಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈ ಊರಿನಲ್ಲೂ ಹಾಗೇ ಇತ್ತು’ ಎಂದರು. ಲೈಪ್‌ಜಿಗ್ 1990ರವರೆಗೆ ಪೂರ್ವ ಜರ್ಮನಿಯಲ್ಲಿತ್ತು. ಅಧಿಕೃತ ಹೆಸರಿನಲ್ಲೇ ‘ಪ್ರಜಾಸತ್ತಾತ್ಮಕ’ ಎಂಬ ಪದವನ್ನು ಇಟ್ಟುಕೊಂಡಿದ್ದ ದೇಶ ಅದು! ಸುಮಾರು 1 ಕೋಟಿ 60 ಲಕ್ಷ ಜನರ ಆ ದೇಶದಲ್ಲಿ ಸ್ಟಾಸಿ ಎಂಬ ಗುಪ್ತ ಇಲಾಖೆಗೆ 1989ರಲ್ಲಿ ಸುಮಾರು 91 ಸಾವಿರ ನೌಕರರು. ಅವರಲ್ಲದೆ ಸುದ್ದಿ ಮುಟ್ಟಿಸುವವರು ಲಕ್ಷಕ್ಕೂ ಮೇಲೆ. 1992ರಲ್ಲಿ ಆ ಕಡತಗಳನ್ನು ಜನರಿಗೆ ತೆರೆದಾಗ ಈಯಮ್ಮನೂ ಹೋಗಿ ತಮ್ಮದನ್ನು ಓದಿದರು. ಬರೆದುಕೊಟ್ಟವರು ಪಕ್ಕದ ಮನೆಯವರೇ.

ಆಮೇಲೆ ಅವರು ವ್ಯಾಕರಣದ ಪಾಠ ಮಾಡಿದರು. ನನಗೆ ಅಂಥ ವ್ಯಾಕರಣ ಪಾಠ ಯಾವ ಶಾಲೆಯಲ್ಲೂ ಸಿಕ್ಕಿರಲಿಲ್ಲ. 1989ರ ಅಕ್ಟೋಬರ್ 9, ಸೋಮವಾರ. ಸೇಂಟ್ ನಿಕೊಲಾಸ್ ಚರ್ಚಿನ ಪ್ರಾರ್ಥನೆ ಮುಗಿಸಿ ಹೊರಬಂದವರ ಜೊತೆ ಊರೇ ಸೇರಿತು. ಸುಮಾರು 70 ಸಾವಿರ ಜನ ವರ್ತುಲ ರಸ್ತೆಯಲ್ಲಿ ನಡೆದರು. ಸಶಸ್ತ್ರ ಪಡೆ ಸಜ್ಜಾಗಿ ನಿಂತಿತ್ತು, ಆದರೆ ಗುಂಡು ಹಾರಲಿಲ್ಲ. ಅವರ ಕೂಗು: ‘ವಿಯರ್ ಜಿಂಟ್ ದಾಸ್ ಫೋಲ್ಕ್’, ಅಂದರೆ ‘ನಾವೇ ಪ್ರಜೆಗಳು’. ‘ಪ್ರಜೆಗಳ ಹೆಸರಿನಲ್ಲಿ ಆಳುತ್ತೀರಲ್ಲ, ಆ ಪ್ರಜೆಗಳು ನಾವು’ ಎಂದು ಅದರ ಭಾವ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು. ಕೂಗಿನಲ್ಲಿ ‘ದಾಸ್’ ಹೋಗಿ ‘ಐನ್’ ಬಂತು: ‘ನಾವು ಒಂದೇ ಜನ’. ಎರಡು ಜರ್ಮನಿ ಒಂದಾಗಲಿ ಎಂಬ ಬೇಡಿಕೆ. ಒಂದು ಸಣ್ಣ ಪದ ಬದಲಾಗಿ ದೇಶದ ನಕ್ಷೆಯೇ ಬದಲಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಡ್ರೆಸ್ಡೆನ್‌ನಲ್ಲಿ ಮುಸ್ಲಿಂ ವಲಸಿಗರ ವಿರುದ್ಧ ಮೆರವಣಿಗೆ ಶುರುವಾದಾಗ ಅದೇ ಹಳೆಯ ಕೂಗನ್ನು ಮತ್ತೆ ಎತ್ತಿದರು. ‘ನಾವೇ ಪ್ರಜೆಗಳು’, ಅಂದರೆ ನೀವಲ್ಲ! ಸಿರಿಯಾದ ಹೆಣ್ಣುಮಗಳು, ‘ನಾನು ಜರ್ಮನ್ನಿನಲ್ಲಿ ಕಲಿತ ಮೊದಲ ವಾಕ್ಯಗಳಲ್ಲಿ ಅದೂ ಒಂದು. ಬೀದಿಯಲ್ಲಿ ಕೇಳಿ ಕಲಿತೆ’ ಎಂದಳು. ಶಿಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಆ ಸೋಮವಾರ ನಡೆದವರಲ್ಲಿ ಒಬ್ಬರು.

ಮಾತು ಬಹಳ ಭಾರವಾಯಿತೆಂದು ದರ್ಜಿ ತಮಾಷೆಗೆ ಒಂದು ಗಾದೆ ಎಸೆದ: ‘ಹೆಣ್ಣಿಗೆ ಕೂದಲು ಉದ್ದ, ಬುದ್ಧಿ ಗಿಡ್ಡ’. ಉಕ್ರೇನಿನವರು ‘ನಮ್ಮಲ್ಲೂ ಇದೆ’ ಎಂದರು. ಜರ್ಮನ್ನಿನಲ್ಲೂ ಇತ್ತು. ನಾನು ಸುಮ್ಮನಿರಬಾರದೆ? ನಮ್ಮ ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ಯನ್ನು ಅನುವಾದಿಸಿ ಹೇಳಿದೆ. ಗಂಡಸರು ನಕ್ಕೆವು. ಮೇಜಿನ ಸುತ್ತ ನಾಲ್ವರು ಹೆಂಗಸರಿದ್ದರು.

ಅದೇ ದಿನ, ಅರ್ಧ ಗಂಟೆಯ ಹಿಂದೆ, ನಾನು ಅವರಿಗೆಲ್ಲ ಕಲ್ಯಾಣದ ಕಥೆ ಹೇಳಿದ್ದೆ. ಹನ್ನೆರಡನೆಯ ಶತಮಾನದಲ್ಲೇ ನಮ್ಮಲ್ಲಿ ಅನುಭವ ಮಂಟಪವಿತ್ತು, ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದರು, ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ತಪ್ಪೆಂದು ತಿದ್ದಿದ ಆಯ್ದಕ್ಕಿ ಲಕ್ಕಮ್ಮ ಇದ್ದಳು ಎಂದು ಎದೆಯುಬ್ಬಿಸಿ ಹೇಳಿದ್ದೆ. ಶಿಕ್ಷಕಿ ಅದನ್ನು ಮರೆತಿರಲಿಲ್ಲ. ‘ಲಕ್ಕಮ್ಮನ ಮುಂದೆ ಈ ಗಾದೆ ಹೇಳುತ್ತಿದ್ದಿರಾ?’ ಎಂದು ಮೆಲ್ಲಗೆ ಕೇಳಿದರು.

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎನ್ನುತ್ತಾರಲ್ಲ. ನಮ್ಮ ವೇದಿಕೆಗಳಲ್ಲಿ ಅದರ ಮೊದಲರ್ಧಕ್ಕೆ ಚಪ್ಪಾಳೆ ಬೀಳುತ್ತದೆ. ಅಂದಿನಿಂದ ನನ್ನ ತಕರಾರು ಎರಡನೆಯ ಅರ್ಧದ ಮೇಲೆ. ಗಾದೆ ಹೇಳಿದವನಿಗೆ ಸಾಕ್ಷಿ ಬೇಡ, ಲೆಕ್ಕ ಬೇಡ. ಊರೆಲ್ಲ ಅವನ ಹಿಂದೆ ನಿಂತಂತೆ. ಎದುರಾಡಿದವನು ಒಬ್ಬನೇ ಆಗುತ್ತಾನೆ.

ಇದನ್ನು ಲೈಪ್‌ಜಿಗ್‌ನಲ್ಲೇ ಕಲಿತೆನೆಂದರೆ ಸುಳ್ಳಾದೀತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಸುಮಾರು ಮೂವತ್ತು ವರ್ಷದ ಹಿಂದೆ ಒಂದು ಹಂಚುಗಾಲುವೆಯ ಕಟ್ಟಕಡೆಯ ಹಳ್ಳಿಯಲ್ಲಿ ರೈತರ ಸಭೆ ಮಾಡಿದ್ದೆ. ಗುಡಿಯ ಕಟ್ಟೆಯ ಕೆಳಗೆ ಕೂತಿದ್ದ ಒಬ್ಬ ಮುದುಕಿ ಎದ್ದು, ‘ಸಾಹೇಬ್ರ, ತೂಬು ಗೇಣು ಮ್ಯಾಲ ಕೂಡಿಸೀರಿ, ನಮ್ಮ ಹೊಲಕ್ಕ ನೀರು ಹತ್ತಂಗಿಲ್ಲ’ ಎಂದಳು. ಹಿಂದಿನಿಂದ ಯಾರೋ ಈ ಮೊಣಕಾಲ ಗಾದೆ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆಕೆ ಸೆರಗು ಎಳೆದುಕೊಂಡು ಕೂತಳು. ನಾನು ಮಟ್ಟ ಹಿಡಿಸಿ ನೋಡಬಹುದಿತ್ತು. ಹತ್ತು ನಿಮಿಷದ ಕೆಲಸ. ನಕ್ಷೆಯಲ್ಲಿ ಎಲ್ಲ ಸರಿಯಿತ್ತು, ನೋಡಲಿಲ್ಲ. ಆ ಹಂಗಾಮಿನಲ್ಲಿ ಅವಳ ಹೊಲಕ್ಕೆ ನೀರು ಹತ್ತಲಿಲ್ಲ ಎಂದು ಆಮೇಲೆ ಅರ್ಜಿ ಬಂತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು.

ಮುಂದಿನ ವಾರ ಕೆಫೆಯಲ್ಲಿ ಇದನ್ನು ಹರಕುಮುರುಕು ಜರ್ಮನ್ನಿನಲ್ಲಿ ಹೇಳಿದೆ. ಸಿರಿಯಾದ ಹೆಣ್ಣುಮಗಳು ಕೇಳಿದ್ದು ಒಂದೇ ಪ್ರಶ್ನೆ: ‘ಅವಳ ಹೆಸರೇನು?’ ನನಗೆ ಗೊತ್ತಿರಲಿಲ್ಲ.

ಊರಿಗೆ ಬಂದ ಹದಿನೈದು ದಿನಕ್ಕೆ ಆ ಹಳ್ಳಿಗೆ ಹೋದೆ. ಮುದುಕಿ ತೀರಿಕೊಂಡು ಬಹಳ ವರ್ಷವಾಗಿದೆ. ಮಗ ಗುರುತು ಹಿಡಿದು, ಬೈಯದೆ, ಚಹಾ ಕುಡಿಸಿ, ತೂಬಿನ ಹತ್ತಿರ ಕರೆದುಕೊಂಡು ಹೋದ. ಕಾಂಕ್ರೀಟಿನಲ್ಲಿ ಹಾರೆಯಿಂದ ಕಡಿದ ಹಳೆಯ ಗುರುತು, ಸರಿಯಾಗಿ ಒಂದು ಗೇಣು. ‘ನೀವು ಹೋದ ಮರುವರ್ಷ ಅವ್ವನ ನಿಂತು ಕಡಿಸಿದ್ಲರಿ’ ಎಂದ. ನಮ್ಮ ಲೆಕ್ಕದಲ್ಲಿ ಅದು ಸರ್ಕಾರಿ ಆಸ್ತಿಗೆ ಮಾಡಿದ ಹಾನಿ, ಅಪರಾಧ. ನಾನು ಬಗ್ಗಿ ಕೈಯಿಟ್ಟು ನೋಡಿದೆ. ನೀರು ಹರಿಯುತ್ತಿತ್ತು. ಅವಳ ಹೆಸರು ಕೇಳಿ ಬರೆದುಕೊಂಡು ಬಂದಿದ್ದೇನೆ, ಲೈಪ್‌ಜಿಗ್‌ಗೆ ಪತ್ರದಲ್ಲಿ ಕಳಿಸಬೇಕು.