ಹಳೆಯ ಕಾರಿಗೆ ಅಗಲವಾದ ಗಾಲಿ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದರ ಮೇಲಿನ ಅಕ್ಕರೆ ನಿಂತಿಲ್ಲ. ಇಂಜಿನ್ನಿನ ಬಲವೆಲ್ಲ ಹಿಂದಿನ ಗಾಲಿಗಳಿಗೆ ಹೋಗುವ ಆ ಕಾರು ನಿಮ್ಮಲ್ಲಿದ್ದು, ಅಗಲವಾದ ಗಾಲಿ ಹಾಕಿಸೋಣವೆಂದು ಮಗನು ಕೇಳಿದರೆ, ಕೂಡಲೆ ಗದರಬೇಡಿ. ಮೊದಲು ಅಳತೆ ಮಾಡಿಸಿರಿ.

ನಟ್ಟು ಬಿಗಿಯುವ ತೂತುಗಳೂ ನಡುವಿನ ತೂತೂ ಹಬ್ಬಿಗೆ ಸರಿಯಾಗಿ ಕೂಡಬೇಕು. ಸಂಧಿ ತಪ್ಪಿದರೆ ಪದ ಕೆಟ್ಟೀತು. ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಕುತ್ತು. ಗಾಲಿ ಹೊರಕ್ಕೆ ಹೆಚ್ಚು ಚಾಚಿದಷ್ಟೂ ಬೇರಿಂಗು ಬೇಗ ಸವೆಯುತ್ತದೆ, ಸ್ಟೀರಿಂಗು ಬಿಗಿಯಾಗುತ್ತದೆ. ಹಿಂದೆ ಲೀಫ್ ಸ್ಪ್ರಿಂಗುಗಳಿವೆಯಷ್ಟೆ. ಕಾರು ಖಾಲಿಯಿದ್ದಾಗ ತಗುಲದ ಟೈರು, ಐವರು ಕುಳಿತಾಗ ಮಡ್‌ಗಾರ್ಡಿಗೆ ಉಜ್ಜೀತು.

ಟೈರಿನ ವ್ಯಾಸ ನೂರಕ್ಕೆ 3ರಷ್ಟು ಹೆಚ್ಚಿದರೆ, ಮೀಟರು 60 ಕಿಲೋಮೀಟರು ತೋರುವಾಗ ಕಾರು ಸುಮಾರು 62ರ ವೇಗದಲ್ಲಿರುತ್ತದೆ. ಒಣ ರಸ್ತೆಯಲ್ಲಿ ಹಿಡಿತ ಕೊಡುವ ಅಗಲವೇ, ಮಳೆನೀರು ನಿಂತಲ್ಲಿ ವೇಗವಾಗಿ ಹೋದರೆ ಟೈರನ್ನು ನೀರಿನ ಮೇಲೆ ತೇಲಿಸಬಹುದು. ಆಗ ಬ್ರೇಕೂ ಸ್ಟೀರಿಂಗೂ ಮಾತು ಕೇಳವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗಾಲಿಗೂ ಸಲ್ಲುತ್ತದೆ. ಮೂಲ ವ್ಯಾಸವನ್ನು ಕೆಡಿಸದೆ, ಅಗಲವನ್ನು ಸ್ವಲ್ಪವೇ ಹೆಚ್ಚಿಸಿ, ಮನೆಮಂದಿಯನ್ನು ಕುಳ್ಳಿರಿಸಿಕೊಂಡು ಮೆಲ್ಲನೆ ಓಡಿಸಿ ನೋಡಿರಿ. ಹಳೆಯ ಗಾಲಿಗಳನ್ನು ಮಾತ್ರ ಮಾರಬೇಡಿ; ಅಟ್ಟದ ಮೇಲಿರಲಿ. ಮಳೆಗಾಲಕ್ಕೆ ಅವೇ ಬೇಕಾದಾವು.